ಶಾಲಾ ಕಟ್ಟಡದ ಹೂಡಿಕೆ: ಪಂಚಾಯತಿನ ಪರಿಶೀಲನೆಯೂ ಶಿಕ್ಷಕರ ಪಾತ್ರವೂ

ಪಠ್ಯಪುಸ್ತಕಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಶಿಕ್ಷಕರು ವರ್ಗವಾಗಿ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಆದರೆ ಒಮ್ಮೆ ಎದ್ದುನಿಂತ ಕಟ್ಟಡವು ಎರಡು ಮೂರು ತಲೆಮಾರುಗಳ ಮಕ್ಕಳ ಕಲಿಕೆಯನ್ನು ತನ್ನ ಗೋಡೆಗಳೊಳಗೆ ರೂಪಿಸುತ್ತದೆ. ತಪ್ಪಾದ ಸ್ಥಳದಲ್ಲಿ ಕಟ್ಟಿದ ಕೋಣೆಯನ್ನು ಎತ್ತಿ ಬೇರೆಡೆ ಇಡಲಾಗುವುದಿಲ್ಲ. ಬೇಕಿಲ್ಲದ ಸಭಾಂಗಣಕ್ಕೆ ವ್ಯಯವಾದ ಹಣ ಬೇಕಾದ ತರಗತಿಗೆ ಮರಳಿ ಬರುವುದಿಲ್ಲ. ಆದುದರಿಂದ ಕಟ್ಟಡದ ಕುರಿತ ಪ್ರಶ್ನೆಗಳನ್ನೆಲ್ಲ ಅಡಿಪಾಯ ತೋಡುವ ಮೊದಲೇ ಕೇಳಬೇಕಾಗುತ್ತದೆ. ಹೀಗೆ ಕೇಳುವ ವ್ಯವಸ್ಥಿತ ಕ್ರಮವೇ ಪರಿಶೀಲನೆ. ಕೇರಳದ ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಹಿನ್ನೆಲೆಯಲ್ಲಿ ಈ ಕ್ರಮ ಹೇಗೆ ನಡೆಯುತ್ತದೆ, ಅದರಲ್ಲಿ ಶಿಕ್ಷಕರ ಪಾಲೇನು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಅಧಿಕಾರ ಯಾರ ಕೈಯಲ್ಲಿದೆ?

ಸಂವಿಧಾನದ 73ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದಾಗ ಹನ್ನೊಂದನೆಯ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳನ್ನೊಳಗೊಂಡ ಶಿಕ್ಷಣವು ಪಂಚಾಯತುಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದಾಯಿತು. ಕೇರಳವು 1994ರಲ್ಲಿ ತನ್ನ ಪಂಚಾಯತ್‌ರಾಜ್ ಕಾಯ್ದೆಯನ್ನು ರೂಪಿಸಿ, 1995ರಲ್ಲಿ ಸಂಸ್ಥೆಗಳನ್ನು ಸ್ಥಳೀಯಾಡಳಿತಕ್ಕೆ ಹಸ್ತಾಂತರಿಸಿತು. ಸರಕಾರಿ ಎಲ್.ಪಿ. ಮತ್ತು ಯು.ಪಿ. ಶಾಲೆಗಳು ಗ್ರಾಮ ಪಂಚಾಯತಿಗೂ ಪ್ರೌಢಶಾಲೆಗಳು ಜಿಲ್ಲಾ ಪಂಚಾಯತಿಗೂ ಸೇರಿದವು. ಶಿಕ್ಷಕರ ನೇಮಕ, ವೇತನ ಮತ್ತು ಪಠ್ಯಕ್ರಮ ರಾಜ್ಯದ ಶಿಕ್ಷಣ ಇಲಾಖೆಯಲ್ಲೇ ಉಳಿದವು. ಹೀಗಾಗಿ ಒಂದೇ ಶಾಲೆಗೆ ಇಬ್ಬರು ಹೊಣೆಗಾರರಿದ್ದಾರೆ: ಪಾಠದ ಹೊಣೆ ಇಲಾಖೆಯದು, ಕಟ್ಟಡದ ಹೊಣೆ ಬಹುಮಟ್ಟಿಗೆ ಪಂಚಾಯತಿನದು.

1996ರಲ್ಲಿ ಆರಂಭವಾದ ಜನಕೀಯ ಯೋಜನೆಯು ಈ ಹೊಣೆಗೆ ಹಣದ ಬಲವನ್ನು ಒದಗಿಸಿತು. ರಾಜ್ಯದ ಯೋಜನಾ ಮೊತ್ತದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡುವುದೆಂದು ಆಗ ನಿಶ್ಚಯವಾಯಿತು. ಶಿಕ್ಷಣದ ಯೋಜನೆಗಳಿಗೆ ಮುಖ್ಯೋಪಾಧ್ಯಾಯರೇ ನಿರ್ವಹಣಾಧಿಕಾರಿಗಳಾಗುವುದು ಅಲ್ಲಿನ ರೂಢಿ. ಆದ್ದರಿಂದ ಶಿಕ್ಷಕರು ಈ ವ್ಯವಸ್ಥೆಯ ಹೊರಗೆ ನಿಂತ ಪ್ರೇಕ್ಷಕರಲ್ಲ. ಅದರೊಳಗಿನ ಒಂದು ಅಂಗ.

ನಿರ್ಧಾರ ಸಾಗುವ ದಾರಿ

ಹೊಸ ಕೋಣೆಯೊಂದರ ಬೇಡಿಕೆಯು ಮೊದಲು ಶಾಲೆಯಲ್ಲಿ ಹುಟ್ಟುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಸರಕಾರಿ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಹೆತ್ತವರು ಅಥವಾ ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು ಈ ಸಮಿತಿಯ ಕರ್ತವ್ಯ. 2010ರ ಕೇಂದ್ರ ನಿಯಮಾವಳಿಯ ಮಾದರಿಯಂತೆ ಅದು ಮೂರು ವರ್ಷಗಳ ಯೋಜನೆ. ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳು ಮೊದಲು, ಅಂದರೆ ಡಿಸೆಂಬರ್ ಮುಗಿಯುವುದರೊಳಗೆ, ಅದು ಸಿದ್ಧವಾಗಬೇಕು.

ಅಲ್ಲಿಂದ ಬೇಡಿಕೆಯು ಪಂಚಾಯತಿನ ಶಿಕ್ಷಣ ಕಾರ್ಯತಂಡಕ್ಕೆ, ಗ್ರಾಮಸಭೆಗೆ, ಅಭಿವೃದ್ಧಿ ವಿಚಾರಗೋಷ್ಠಿಗೆ ಸಾಗುತ್ತದೆ. ಗ್ರಾಮ ಪಂಚಾಯತಿನ ಆರೋಗ್ಯ-ಶಿಕ್ಷಣ ಸ್ಥಾಯೀ ಸಮಿತಿ ಅದನ್ನು ಚರ್ಚಿಸುತ್ತದೆ. ಹಣಕಾಸು ಸ್ಥಾಯೀ ಸಮಿತಿ ಆಯವ್ಯಯದಲ್ಲಿ ಅದಕ್ಕೆ ಸ್ಥಾನವಿದೆಯೇ ಎಂದು ನೋಡುತ್ತದೆ. ಪಂಚಾಯತ್ ಸಮಿತಿಯ ನಿರ್ಣಯದ ಬಳಿಕ ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ, ಇಂಜಿನಿಯರರ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಇವೆಲ್ಲ ನಡೆದು ಕೆಲಸ ಆರಂಭವಾಗುತ್ತದೆ.

ಈ ದಾರಿಯಲ್ಲಿ ಪ್ರಶ್ನೆ ಕೇಳಲು ಹಲವು ನಿಲ್ದಾಣಗಳಿವೆ. ಆದರೆ ಮುಂದಕ್ಕೆ ಸಾಗಿದಂತೆ ಪ್ರಶ್ನೆಯ ಬಲ ಕುಗ್ಗುತ್ತದೆ. ಕಾರ್ಯತಂಡದಲ್ಲಿ ಒಂದು ಮಾತಿನಿಂದ ಬದಲಾಗಬಹುದಾದದ್ದನ್ನು ಟೆಂಡರ್ ಆದ ಮೇಲೆ ಬದಲಿಸಲು ಹೊಸ ಅಂದಾಜುಪಟ್ಟಿಯೇ ಬೇಕಾಗುತ್ತದೆ. ಚಾವಣಿ ಬಿದ್ದ ಮೇಲೆ ಕೇಳಿದ ಪ್ರಶ್ನೆ ಕೇವಲ ದೂರಾಗಿ ಉಳಿಯುತ್ತದೆ.

ಗ್ರಾಮಸಭೆಯ ಹಕ್ಕು

ಕೇರಳದ ಕಾಯ್ದೆಯಂತೆ ಪ್ರತಿ ವಾರ್ಡಿನ ಮತದಾರರೆಲ್ಲರೂ ಗ್ರಾಮಸಭೆಯ ಸದಸ್ಯರು. ಅದು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡ್ ಸದಸ್ಯರೇ ಅದರ ಸಂಚಾಲಕರು. ಹಿಂದಿನ ವರ್ಷದ ಅಭಿವೃದ್ಧಿ ಕೆಲಸಗಳ ವರದಿಯನ್ನೂ ಖರ್ಚಿನ ವಿವರವನ್ನೂ ಪಂಚಾಯತು ಗ್ರಾಮಸಭೆಯ ಮುಂದಿಡಬೇಕು. ಸಭೆಯ ತೀರ್ಮಾನವೊಂದು ಜಾರಿಯಾಗದಿದ್ದರೆ ಅದರ ಕಾರಣವನ್ನು ತಿಳಿಸಬೇಕು. ತಮ್ಮ ಪ್ರದೇಶದಲ್ಲಿ ನಡೆಯಲಿರುವ ಕಾಮಗಾರಿಯ ಅಂದಾಜು ವಿವರಗಳನ್ನು ಪಡೆಯುವ ಹಕ್ಕೂ ಗ್ರಾಮಸಭೆಗಿದೆ. ಇವು ಯಾರೋ ದಯೆಯಿಂದ ಕೊಡುವ ಅವಕಾಶಗಳಲ್ಲ, ಕಾಯ್ದೆಯಲ್ಲಿ ಬರೆದಿಟ್ಟ ಹಕ್ಕುಗಳು. ಇಷ್ಟಿದ್ದರೂ ಶಾಲಾ ಕಟ್ಟಡದ ವಿಷಯ ಬಂದಾಗ ಸಭೆಯಲ್ಲಿ ಮೌನ ಆವರಿಸುವುದುಂಟು. ಕೋಣೆ ಬೇಕೆಂದು ಹೆತ್ತವರಿಗೆ ಗೊತ್ತು. ಎಷ್ಟು ಬೇಕು, ಯಾಕೆ ಬೇಕು ಎಂಬ ಲೆಕ್ಕ ಅವರ ಕೈಯಲ್ಲಿರುವುದಿಲ್ಲ. ಆ ಲೆಕ್ಕ ಇರುವುದು ಶಾಲೆಯ ಕಪಾಟಿನಲ್ಲಿ.

ಕೋಣೆಯ ಲೆಕ್ಕ: ಒಂದು ಕಲ್ಪಿತ ಉದಾಹರಣೆ

ಮಲಯಾಳ ಮತ್ತು ಕನ್ನಡ ಎರಡೂ ಮಾಧ್ಯಮಗಳಿರುವ ಒಂದು ಸರಕಾರಿ ಎಲ್.ಪಿ. ಶಾಲೆಯನ್ನು ಊಹಿಸಬಹುದು. ಒಂದರಿಂದ ನಾಲ್ಕರವರೆಗೆ ಒಟ್ಟು 118 ಮಕ್ಕಳು. ಮಲಯಾಳ ವಿಭಾಗದಲ್ಲಿ 76, ಕನ್ನಡ ವಿಭಾಗದಲ್ಲಿ 42. ಕನ್ನಡ ವಿಭಾಗದ ಮಕ್ಕಳ ಸಂಖ್ಯೆ ತರಗತಿವಾರು 9, 11, 10 ಮತ್ತು 12. ಶಿಕ್ಷಕರು ಎಂಟು ಮಂದಿ. ಇರುವ ಆರು ಕೋಣೆಗಳಲ್ಲಿ ಎರಡು ಬಳಕೆಗೆ ಯೋಗ್ಯವಲ್ಲವೆಂದು ಇಂಜಿನಿಯರರು ತಿಳಿಸಿದ್ದಾರೆ. ಪಂಚಾಯತಿನ ಮುಂದೆ ಬಂದ ಕಡತದಲ್ಲಿ ಇರುವುದು ಒಂದೇ ಅಂಕೆ: 118. ಕೋಣೆಗೆ 30 ಮಕ್ಕಳಂತೆ ಲೆಕ್ಕ ಹಾಕಿದರೆ ನಾಲ್ಕು ಕೋಣೆ ಸಾಕು, ನಾಲ್ಕು ಗಟ್ಟಿ ಕೋಣೆಗಳು ಇವೆ. ಹಾಗಾದರೆ ಹಣವನ್ನು ಸಭಾಂಗಣಕ್ಕೆ ಬಳಸಬಹುದೆಂಬ ತೀರ್ಮಾನ ಸಹಜವಾಗಿಯೇ ಬರುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಅಂಕೆಯೇ ಅಪೂರ್ಣ.

ಈಗ ಅದೇ ಶಾಲೆಯನ್ನು ಇನ್ನೊಂದು ರೀತಿಯಲ್ಲಿ ಎಣಿಸಬೇಕು. ನಾಲ್ಕು ತರಗತಿಗಳು, ಎರಡು ಮಾಧ್ಯಮಗಳು, ಒಟ್ಟು ಎಂಟು ಡಿವಿಜನ್‌ಗಳು. ಒಂದನೆಯ ತರಗತಿಯ 9 ಕನ್ನಡ ಮಕ್ಕಳನ್ನು ಮಲಯಾಳದಲ್ಲಿ ಅಕ್ಷರ ಕಲಿಯುವ ಮಕ್ಕಳ ಜೊತೆ ಕುಳ್ಳಿರಿಸಲಾಗದು. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಕಟ್ಟಡದ ಬಗ್ಗೆ ಹೇಳುವಾಗ ಮಕ್ಕಳ ಸಂಖ್ಯೆಯನ್ನಲ್ಲ, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ತರಗತಿ ಕೋಣೆ ಇರಬೇಕೆಂದು ಹೇಳುತ್ತದೆ. ಎಂಟು ಶಿಕ್ಷಕರಿರುವಲ್ಲಿ ಎಂಟು ಕೋಣೆ ಬೇಕು, ಇರುವುದು ನಾಲ್ಕು. ಕೊರತೆಯೂ ನಾಲ್ಕು. ಈ ಲೆಕ್ಕ ಮೇಜಿನ ಮೇಲೆ ಬಾರದಿದ್ದರೆ ಕನ್ನಡದ ಒಂದು ಮತ್ತು ಎರಡನೆಯ ತರಗತಿಗಳು ಜಗಲಿಗೋ ವೇದಿಕೆಗೋ ಹೋಗುತ್ತವೆ. ಜಗಲಿಯಲ್ಲಿ ಕುಳಿತ ತರಗತಿಯನ್ನು ನೋಡಿದ ಹೆತ್ತವರು ಮರುವರ್ಷ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದರೆ, ಸಂಖ್ಯೆ ಇನ್ನಷ್ಟು ಕುಸಿಯುತ್ತದೆ; ಕುಸಿದ ಸಂಖ್ಯೆಯೇ ಕೋಣೆ ಬೇಡವೆಂಬುದಕ್ಕೆ ಮುಂದಿನ ಆಧಾರವಾಗುತ್ತದೆ.

ಜೂನ್ ತಿಂಗಳ ಆರನೆಯ ಕೆಲಸದ ದಿನ ಪ್ರತಿ ಶಾಲೆಯೂ ಮಕ್ಕಳ ಲೆಕ್ಕ ಕೊಡುತ್ತದೆ. ಅದೇ ಲೆಕ್ಕವನ್ನು ತರಗತಿವಾರು, ಮಾಧ್ಯಮವಾರು, ಕೋಣೆವಾರು ವಿಂಗಡಿಸಿ ಒಂದು ಪುಟದ ಪಟ್ಟಿ ಮಾಡಿದರೆ ಪರಿಶೀಲನೆಗೆ ಬೇಕಾದ ಮುಖ್ಯ ದಾಖಲೆ ಸಿದ್ಧವಾದಂತೆ.

ಭಾಷೆಯ ತೊಡಕು

ಕಡತ ಓದಲಾಗದವರು ಪ್ರಶ್ನೆ ಕೇಳಲಾರರು. ಅಂದಾಜುಪಟ್ಟಿ, ನಡಾವಳಿ, ಸೂಚನಾಪತ್ರಗಳು ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಮಾತ್ರ ಓದಬಲ್ಲ ತಾಯಿಯೊಬ್ಬಳು ಶಾಲಾ ನಿರ್ವಹಣಾ ಸಮಿತಿಯಲ್ಲಿ ಹೆಬ್ಬೆಟ್ಟಿನ ಸದಸ್ಯೆಯಂತಾಗುತ್ತಾಳೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ, ಘೋಷಿತ ಪ್ರದೇಶಗಳ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ನೀಡಿದೆ. ಬೇಡಿಕೆಯನ್ನು ಕನ್ನಡದಲ್ಲಿ ಬರೆದು ಸಲ್ಲಿಸುವುದಕ್ಕೆ ಸಂಕೋಚ ಬೇಕಿಲ್ಲ.

ಅದರೊಂದಿಗೆ ಶಾಲೆಯೇ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಎರಡೂ ಭಾಷೆ ಬಲ್ಲ ಶಿಕ್ಷಕರು ಕಾಮಗಾರಿಯ ಮುಖ್ಯಾಂಶಗಳನ್ನು, ಅಂದರೆ ಕೋಣೆಗಳ ಸಂಖ್ಯೆ, ಅಳತೆ, ಮೊತ್ತ, ಮುಗಿಯಬೇಕಾದ ದಿನಾಂಕ ಇಷ್ಟನ್ನು ಕನ್ನಡಕ್ಕೆ ತಂದು ಸಮಿತಿಯ ಸಭೆಯಲ್ಲಿ ಓದಿಹೇಳಬಹುದು. ಅನಂತರ ಕೇಳಬೇಕಾದ ಪ್ರಶ್ನೆಗಳು ಐದು:

1. ಕೋಣೆಗಳ ಸಂಖ್ಯೆಯನ್ನು ಒಟ್ಟು ಮಕ್ಕಳಿಂದ ಲೆಕ್ಕ ಹಾಕಲಾಗಿದೆಯೇ, ಡಿವಿಜನ್‌ಗಳಿಂದಲೇ?
2. ಹೊಸ ಕಟ್ಟಡದಲ್ಲಿ ಯಾವ ಮಾಧ್ಯಮದ ಯಾವ ತರಗತಿ ಎಲ್ಲಿ ಕೂರುತ್ತದೆ ಎಂಬುದು ನಿಶ್ಚಯವಾಗಿದೆಯೇ?
3. ಹಳೆಯ ಕಟ್ಟಡ ಕೆಡಹಿ ಹೊಸದು ಮುಗಿಯುವವರೆಗೆ ಮಕ್ಕಳು ಎಲ್ಲಿ ಕಲಿಯುತ್ತಾರೆ?
4. ಅಡೆತಡೆಯಿಲ್ಲದ ಪ್ರವೇಶ, ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಅಡುಗೆಕೋಣೆ, ಆವರಣ ಗೋಡೆ ಅಂದಾಜುಪಟ್ಟಿಯಲ್ಲಿ ಸೇರಿವೆಯೇ?
5. ಕಟ್ಟಿದ ಮೇಲೆ ಸೋರಿಕೆ, ದುರಸ್ತಿ, ಬಣ್ಣ ಬಳಿಯುವ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ?

ಪಂಚಾಯತಿನ ಆಚೆಯ ಹಣ

ಎಲ್ಲ ಹೂಡಿಕೆಯೂ ಪಂಚಾಯತಿನಿಂದಲೇ ಬರುವುದಿಲ್ಲ. 2016ರ ಬಳಿಕ ಸಾರ್ವಜನಿಕ ಶಿಕ್ಷಣ ಸಂರಕ್ಷಣಾ ಯಜ್ಞದ ಅಂಗವಾಗಿ ಕಿಫ್ಬಿ ಎಂಬ ರಾಜ್ಯ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯು 5 ಕೋಟಿ, 3 ಕೋಟಿ, 1 ಕೋಟಿ ರೂಪಾಯಿಗಳ ಶ್ರೇಣಿಗಳಲ್ಲಿ ಶಾಲಾ ಕಟ್ಟಡಗಳಿಗೆ ಹಣ ಒದಗಿಸಿತು. ಇಂತಹ ದೊಡ್ಡ ಮೊತ್ತದ ನಿರ್ಧಾರಗಳು ರಾಜ್ಯಮಟ್ಟದಲ್ಲಿ ಆಗುತ್ತವೆ. ನಕ್ಷೆ ತಯಾರಿಸುವವರು ದೂರದಲ್ಲಿರುತ್ತಾರೆ. ಮೊತ್ತ ದೊಡ್ಡದಾದಷ್ಟೂ ಊರಿನ ದನಿ ಕ್ಷೀಣಿಸುವ ಅಪಾಯವಿದೆ. ಆಗ ಶಾಲಾ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಪಂಚಾಯತಿನ ಅಭಿಪ್ರಾಯ ಎರಡೂ ಲಿಖಿತವಾಗಿ ನಕ್ಷೆಯ ಹಂತದಲ್ಲೇ ತಲಪುವುದು ಅಗತ್ಯ.

ಅನುದಾನಿತ ಶಾಲೆಗಳ ಸ್ಥಿತಿ ಬೇರೆ. ಅಲ್ಲಿ ಕಟ್ಟಡದ ಹೊಣೆ ವ್ಯವಸ್ಥಾಪಕರದು. 2012ರ ತಿದ್ದುಪಡಿಯಂತೆ ಶಾಲಾ ನಿರ್ವಹಣಾ ಸಮಿತಿಗೆ ಸಲಹೆ ನೀಡುವ ಅಧಿಕಾರ ಮಾತ್ರ. ಆದರೂ ಪ್ರತಿವರ್ಷ ಶಾಲೆ ತೆರೆಯುವ ಮೊದಲು ಸ್ಥಳೀಯ ಸಂಸ್ಥೆಯ ಇಂಜಿನಿಯರರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯಬೇಕು. ಅದನ್ನು ಬರಿಯ ಕಾಗದವೆಂದು ಭಾವಿಸುವವರು 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ನಡೆದುದನ್ನು ನೆನೆಯಬೇಕು. ಹುಲ್ಲಿನ ಮಾಡಿನ ಶಾಲೆಯೊಂದಕ್ಕೆ ಅಡುಗೆಮನೆಯಿಂದ ಬೆಂಕಿ ಹಬ್ಬಿ 94 ಮಕ್ಕಳು ಪ್ರಾಣ ಕಳೆದುಕೊಂಡರು. ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನಲ್ಲೇ ಅಡಕವಾಗಿದೆಯೆಂದು ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು. ಪರಿಶೀಲನೆಯೆಂಬುದು ಹಣದ ಲೆಕ್ಕಕ್ಕಷ್ಟೇ ಸೀಮಿತವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಟ್ಟುವಾಗ ಮತ್ತು ಕಟ್ಟಿದ ಮೇಲೆ

ಕೆಲಸ ನಡೆಯುವಾಗ ಶಿಕ್ಷಕರು ಇಂಜಿನಿಯರರಾಗಬೇಕಿಲ್ಲ. ಕಾಮಗಾರಿಯ ಫಲಕ ಇದೆಯೇ, ಅಂದಾಜುಪಟ್ಟಿಯಲ್ಲಿದ್ದ ಕಿಟಕಿಗಳ ಸಂಖ್ಯೆಗೂ ಗೋಡೆಯಲ್ಲಿರುವ ಸಂಖ್ಯೆಗೂ ಹೊಂದಾಣಿಕೆ ಇದೆಯೇ, ಕೆಲಸ ನಿಂತದ್ದು ಯಾವ ದಿನ, ಮತ್ತೆ ಆರಂಭವಾದದ್ದು ಯಾವ ದಿನ ಎಂಬುದನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡರೆ ಸಾಕು. ಸಂಶಯ ಉಳಿದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರಲ್ಲಿ ದಾಖಲೆಗಳ ಪ್ರತಿಯಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಹಾಗೂ ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ಕೂಡ ನಾಗರಿಕರಿಗಿದೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಸಿಗಬೇಕು. ಖರ್ಚಾದ ಬಳಿಕ ಸ್ಥಳೀಯ ನಿಧಿ ಲೆಕ್ಕಪರಿಶೋಧನೆ ನಡೆಯುತ್ತದೆ. ಅದರ ಆಕ್ಷೇಪಗಳನ್ನು ಓದಿದ ಪಂಚಾಯತ್ ಸದಸ್ಯರು ಮುಂದಿನ ಶಾಲೆಯ ಕಡತವನ್ನು ಹೆಚ್ಚು ಎಚ್ಚರದಿಂದ ನೋಡುತ್ತಾರೆ.

ಶಿಕ್ಷಕರ ಮಿತಿಯನ್ನೂ ಇಲ್ಲಿ ಹೇಳಬೇಕು. ಅವರು ಸರಕಾರಿ ನಿಯಮಗಳಿಗೆ ಒಳಪಟ್ಟವರು. ಪಂಚಾಯತಿನಲ್ಲಿ ಯಾವ ಪಕ್ಷದ ಆಡಳಿತವಿದ್ದರೂ ಅವರ ಮಾತು ಒಂದೇ ಆಗಿರಬೇಕು. ವಾರ್ಡ್ ಸದಸ್ಯರನ್ನು ಎದುರಾಳಿಯೆಂದು ಕಂಡು ಪ್ರಶ್ನಿಸಿದರೆ ಶಾಲೆಗೆ ಉಪಕಾರವಾಗುವುದಿಲ್ಲ. ಸ್ಥಾಯೀ ಸಮಿತಿಯಲ್ಲಿ ಶಾಲೆಯ ಪರವಾಗಿ ಮಾತನಾಡಲು ಅವರಿಗೂ ಅಂಕೆಗಳು ಬೇಕು. ಅವುಗಳನ್ನು ಸಕಾಲದಲ್ಲಿ ಕೊಟ್ಟ ಶಿಕ್ಷಕರು ಅರ್ಧ ಪರಿಶೀಲನೆಯನ್ನು ಅಲ್ಲಿಯೇ ಮುಗಿಸಿದಂತೆ. ಮಲಯಾಳ ವಿಭಾಗದ ಸಹೋದ್ಯೋಗಿಗಳನ್ನು ಜೊತೆಗೂಡಿಸಿಕೊಳ್ಳುವುದೂ ಅಷ್ಟೇ ಮುಖ್ಯ. ಎಂಟು ಕೋಣೆಗಳ ಬೇಡಿಕೆ ಒಂದು ಭಾಷೆಯದಲ್ಲ, ಇಡೀ ಶಾಲೆಯದು. ಹಾಗೆ ಮಂಡಿಸಿದಾಗ ಅದಕ್ಕೆ ಎದುರಾಡುವವರು ಕಡಿಮೆ.

ಆದುದರಿಂದ ವರ್ಷದ ಕ್ರಮ ಸರಳ. ಜೂನ್‌ನಲ್ಲಿ ಮಾಧ್ಯಮವಾರು ಪಟ್ಟಿ. ಮಳೆಗಾಲದಲ್ಲಿ ಸೋರುವ ಕೋಣೆಗಳ ಗುರುತು. ಡಿಸೆಂಬರ್ ಒಳಗೆ ಶಾಲಾ ಅಭಿವೃದ್ಧಿ ಯೋಜನೆ. ಬಳಿಕ ಕಾರ್ಯತಂಡದಲ್ಲೂ ಗ್ರಾಮಸಭೆಯಲ್ಲೂ ಅದರ ಮಂಡನೆ. ಪಂಚಾಯತಿನ ನಿರ್ಣಯದ ಪ್ರತಿ ಶಾಲೆಯ ಕಡತದಲ್ಲಿ. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಹಸ್ತಾಂತರಿಸುವ ದಾಖಲೆಗಳಲ್ಲಿ ಈ ಕಡತವೂ ಸೇರಿರಬೇಕು. ಬೇಡಿಕೆ ಸಲ್ಲಿಸಿದವರು ಹೋದ ಮೇಲೂ ಬೇಡಿಕೆ ಉಳಿಯುವುದು ಹಾಗೆ ಮಾತ್ರ.