ಲಂಡನ್ ಎಂದು ಕೆತ್ತಿದ ಹಿತ್ತಾಳೆಗೆ ಮರುಳಾಗಬೇಡಿ

ಸೂರ್ಯ, ನಕ್ಷತ್ರಗಳ ಎತ್ತರದ ಕೋನ ಅಳೆಯುವ ಹಡಗಿನ ಸೆಕ್ಸ್‌ಟೆಂಟ್ ಹಿತ್ತಾಳೆಯದೇ ಆಗಿರಬೇಕು, ಮೇಲೆ ಲಂಡನ್ ಕಂಪನಿಯ ಹೆಸರೂ 1917 ಎಂಬ ಇಸವಿಯೂ ಇರಬೇಕು, ಹಾಗಿದ್ದರೆ ಅಸಲಿ! ಬಳ್ಳಾರಿಯಲ್ಲಿ ಹಳೆಯ ಸಾಮಾನು ಕೂಡಿಡುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ರೋಸಿಹೋಗಿದೆ. ಥಳಥಳಿಸುವ ಆ ಸಾಮಾನು ಬಹುಪಾಲು ನಮ್ಮ ದೇಶದಲ್ಲೇ ಷೋಕೇಸಿಗೆಂದು ಎರಕ ಹೊಯ್ದದ್ದು. ಸಮುದ್ರದಲ್ಲಿ ಕೋನದ ಒಂದು ಮಿನಿಟು ತಪ್ಪಿದರೆ 1.85 ಕಿ.ಮೀ. ತಪ್ಪಿದಂತೆ, ಆ ಲೆಕ್ಕಕ್ಕೆ ಇದು ಬಾರದು.

ಅದೇ ಜನ ಕಪ್ಪು ಬಣ್ಣದ ಜಪಾನಿ ಸೆಕ್ಸ್‌ಟೆಂಟ್ ಕಂಡರೆ ಮೂಗು ಮುರಿಯುತ್ತಾರೆ. ತಮಾಯಾ ಕಂಪನಿಯ ಹೆಸರನ್ನಾದರೂ ಕೇಳಿರುತ್ತಾರೆ. ಸೌರಾ ಎಂದರೆ ಡುಪ್ಲಿಕೇಟ್ ಎಂದುಬಿಡುತ್ತಾರೆ. ಅದೂ ಟೋಕಿಯೋದಲ್ಲಿ ತಯಾರಾದ, ಹಡಗಿನಲ್ಲಿ ದುಡಿಯಲೆಂದೇ ಮಾಡಿದ ಉಪಕರಣ. ಗುಜರಾತಿನ ಅಲಂಗ್‌ನಲ್ಲಿ ಹಡಗು ಒಡೆದಾಗ ಇಂಥವು ಗುಜರಿ ಅಂಗಡಿಗೆ ಬರುವುದುಂಟು.

ಹೆಸರು ಬಿಡಿ, ಮಿನಿಟು ಓದುವ ಡ್ರಮ್ ತಿರುಗಿಸಿ. ಒಂದು ಸುತ್ತಿಗೆ ತೋಳು ಡಿಗ್ರಿ ಗುರುತಿನ ಕಮಾನಿನ ಮೇಲೆ ಸರಿಯಾಗಿ ಒಂದು ಡಿಗ್ರಿ ಸರಿಯಬೇಕು. ಎಲ್ಲೂ ಹಿಡಿಯಬಾರದು, ಜಾರಬಾರದು. ಕಮಾನಿನ ಹಲ್ಲು ಸವೆದಿದ್ದರೆ ಕೊಳ್ಳಬೇಡಿ. ಕನ್ನಡಿ ಕಲೆಗಟ್ಟಿದ್ದರೆ ಬದಲಾಯಿಸಬಹುದು. ಪೆಟ್ಟಿಗೆಯಲ್ಲಿ ತಪಾಸಣಾ ಪತ್ರವಿದ್ದರೆ ಅದರ ನಂಬರೂ ಉಪಕರಣದ ನಂಬರೂ ಒಂದೇ ಇರಬೇಕು. ಆಮೇಲೆ ಎರಡೂ ಕನ್ನಡಿಗೆ ಕಪ್ಪು ಗಾಜು ಅಡ್ಡ ಹಾಕಿ ಸೂರ್ಯನನ್ನು ನೋಡಿ. ಎರಡು ಬಿಂಬಗಳ ಅಂಚು ತಾಗಿಸಿ ಸೊನ್ನೆಯ ಈ ಬದಿ ಒಮ್ಮೆ, ಆ ಬದಿ ಒಮ್ಮೆ ಓದಿ ಕೂಡಿದರೆ ಸುಮಾರು 64 ಮಿನಿಟು ಬರಬೇಕು. ಅದು ಸೂರ್ಯನ ವ್ಯಾಸದ ಎರಡರಷ್ಟು.

ಕಡಲಿಲ್ಲದ ಊರಲ್ಲಿ ಪರೀಕ್ಷೆ ಆಗದು ಎನ್ನುವುದೂ ಸುಳ್ಳು. ತಟ್ಟೆಯಲ್ಲಿ ಎಣ್ಣೆ ಹೊಯ್ದು, ಅದರೊಳಗಿನ ಸೂರ್ಯನಿಗೂ ಆಕಾಶದ ಸೂರ್ಯನಿಗೂ ನಡುವಿನ ಕೋನ ಅಳೆದು ಅರ್ಧ ಮಾಡಿ. ಡಿಸೆಂಬರಿನ ಒಂದೇ ಮಧ್ಯಾಹ್ನ ಬಳ್ಳಾರಿಗಿಂತ ಸಿರುಗುಪ್ಪದಲ್ಲಿ ಸೂರ್ಯ ಸುಮಾರು ಅರ್ಧ ಡಿಗ್ರಿ ತಗ್ಗಿರುತ್ತಾನೆ, ಕುರುಗೋಡಿನಲ್ಲಿ ಇವೆರಡರ ನಡುವೆ. ಒಳ್ಳೆಯ ಸೆಕ್ಸ್‌ಟೆಂಟ್ ಈ ಅಂತರವನ್ನು ಸಲೀಸಾಗಿ ತೋರಿಸುತ್ತದೆ.

ಜಿಪಿಎಸ್ ಬಂದಮೇಲೆ ಇದೆಲ್ಲ ವ್ಯರ್ಥ ಎನ್ನುವವರು ಗಮನಿಸಲಿ: ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ, ಸೂರ್ಯ ನಕ್ಷತ್ರ ನೋಡಿ ಹಡಗಿನ ದಾರಿ ಕಂಡುಕೊಳ್ಳುವ ಪಾಠವನ್ನು 2015ರಲ್ಲಿ ಮತ್ತೆ ಶುರು ಮಾಡಿತು.

ಕೆತ್ತನೆ ನಂಬುವ ಚಾಳಿ ಇಲ್ಲಿಗೇ ನಿಲ್ಲುವುದಿಲ್ಲ ಎಂಬುದೇ ನನ್ನ ಸಂಕಟ. ಈಸ್ಟ್ ಇಂಡಿಯಾ ಕಂಪನಿಯ ಮುದ್ರೆಯಿರುವ ತಾಮ್ರದ ಚೊಂಬು ಅಕ್ಕಿ ಎಳೆಯುತ್ತದೆಂದು ನಂಬಿ, ಓದಿದವರೂ ರೈಸ್ ಪುಲ್ಲಿಂಗ್ ಮೋಸಕ್ಕೆ ಲಕ್ಷಗಟ್ಟಲೆ ಸುರಿದಿದ್ದಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಕಾಳಿಗೆ ಕಬ್ಬಿಣದ ಪುಡಿ ಸೇರಿಸಿ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿ ಆಟ ತೋರಿಸುತ್ತಾರೆ. ಸಿರುಗುಪ್ಪದ ರೈಸ್‌ ಮಿಲ್ಲಿನಿಂದ ನೀವೇ ಹಿಡಿ ಅಕ್ಕಿ ಒಯ್ದು, ಇದನ್ನು ಎಳೆದು ತೋರಿಸಿ ಎನ್ನಿ.