ಪಿತ್ತಗಂಧೆಯ ಲೆಕ್ಕ

ದೇಹದೊಳಗಿನ ಅನೇಕ ವ್ಯಾಪಾರಗಳ ಗುರುತು ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಪಿತ್ತಗಂಧೆ ಅಂಥವುಗಳಲ್ಲೊಂದು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಂಥ ಪಟ್ಟಣಗಳ ಜನರಿಗೂ ಇದು ಹೊಸತಲ್ಲ. ಮೈಮೇಲೆ ಇದ್ದಕ್ಕಿದ್ದಂತೆ ಕೆಂಪು ಗಾದರಿಗಳು ಏಳುತ್ತವೆ, ತಡೆಯಲಾರದ ತುರಿಕೆಯುಂಟಾಗುತ್ತದೆ. ಒಂದೆಡೆ ಎದ್ದ ಗಾದರಿಯು ಸಾಮಾನ್ಯವಾಗಿ 24 ಗಂಟೆಗಳೊಳಗೆ ಕಲೆ ಉಳಿಸದೆ ಅಡಗುತ್ತದೆ. ಅಷ್ಟರಲ್ಲಿ ಮತ್ತೊಂದೆಡೆ ಹೊಸದು ಮೂಡಬಹುದು.

ಹೆಸರಿನಲ್ಲಿ ಪಿತ್ತವಿದ್ದರೂ ಇದು ಪಿತ್ತಕೋಶದ ರೋಗವಲ್ಲ. ಚರ್ಮದಲ್ಲಿ ಮಾಸ್ಟ್ ಕೋಶಗಳೆಂಬ ಜೀವಕೋಶಗಳಿವೆ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಅವರು 1878ರಲ್ಲಿ ಇವುಗಳನ್ನು ವರ್ಣಿಸಿ ಹೆಸರಿಟ್ಟರು. ಈ ಕೋಶಗಳು ಕೆರಳಿದಾಗ ಹಿಸ್ಟಮೀನ್ ಎಂಬ ದ್ರವ್ಯ ಹೊರಬೀಳುತ್ತದೆ. ಅದರಿಂದ ಕಿರಿಯ ರಕ್ತನಾಳಗಳು ಹಿಗ್ಗುತ್ತವೆ. ಅವುಗಳಿಂದ ದ್ರವ ಒಸರಿ ಚರ್ಮ ಉಬ್ಬುತ್ತದೆ. ಕೆಲವರಿಗೆ ಸೋಂಕು, ಕೆಲವರಿಗೆ ಔಷಧಿ ಅಥವಾ ಕೀಟದ ಕಡಿತ, ಇನ್ನು ಕೆಲವರಿಗೆ ಶೇಂಗಾ, ಮೊಟ್ಟೆ, ಮೀನು ಇದಕ್ಕೆ ಕಾರಣವಾಗುತ್ತವೆ. ಪಿತ್ತಗಂಧೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವುದು ಅನ್ಯಾಯ.

ಈ ವ್ಯಾಧಿ ಎಷ್ಟು ಜನರನ್ನು ಬಾಧಿಸುತ್ತದೆ? ಇದನ್ನು ತಿಳಿಯಲು ಆಸ್ಪತ್ರೆಯ ದಾಖಲೆಗಳನ್ನು ಎಣಿಸಿದರೆ ಸಾಲದು. ಗಾದರಿ ತಾನಾಗಿಯೇ ಅಡಗುವುದರಿಂದ ಹಲವರು ವೈದ್ಯರ ಬಳಿಗೆ ಹೋಗುವುದೇ ಇಲ್ಲ. ಬಹುದಿನ ನರಳಿದವರೇ ಹೆಚ್ಚಾಗಿ ಹೋಗುತ್ತಾರೆ. ಆದುದರಿಂದ ಆಸ್ಪತ್ರೆಗೆ ಬಂದ ನೂರು ರೋಗಿಗಳ ಲೆಕ್ಕವೇ ಬೇರೆ, ಊರಿನ ನೂರು ಜನರ ಲೆಕ್ಕವೇ ಬೇರೆ. ವೈದ್ಯಶಾಸ್ತ್ರದ ಅಂದಾಜಿನಂತೆ, ಸುಮಾರು ಐವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಿತ್ತಗಂಧೆ ಬರುತ್ತದೆ. ಎಂದರೆ, 50 ವಿದ್ಯಾರ್ಥಿಗಳ ತರಗತಿಯಲ್ಲಿ ಸುಮಾರು ಹತ್ತು ಮಂದಿ ಎಂದಾದರೊಂದು ದಿನ ಇದನ್ನು ಅನುಭವಿಸಬಹುದು. ಆರು ವಾರಗಳನ್ನು ಮೀರಿ ಕಾಡುವ ದೀರ್ಘಕಾಲದ ಪಿತ್ತಗಂಧೆಯು ಹೆಚ್ಚೆಂದರೆ ನೂರಕ್ಕೆ ಒಬ್ಬರಷ್ಟು ಜನರಲ್ಲಿರುತ್ತದೆ. ಈ ಪ್ರಮಾಣವೂ ಅಲ್ಪವಲ್ಲ. 30,000 ಜನರಿರುವ ಪಟ್ಟಣವೊಂದರಲ್ಲಿ ಇಂಥವರು ಮುನ್ನೂರರವರೆಗೆ ಇರಬಹುದು. ಇವರಲ್ಲಿ ಆಹಾರವು ಕಾರಣವಾಗಿರುವುದು ಅಪರೂಪ. ವೈದ್ಯರನ್ನು ಕೇಳದೆ ಒಂದೊಂದೇ ಆಹಾರವನ್ನು ತೊರೆಯುತ್ತ ಹೋದರೆ ದೇಹ ಸೊರಗುವುದೇ ಹೊರತು ರೋಗ ಹೋಗದು.

ಕೆಲವು ಮನೆಗಳಲ್ಲಿ ರೋಗಿಗೆ ಕಂಬಳಿ ಹೊದಿಸುವ ರೂಢಿಯಿದೆ. ಆದರೆ ಶಾಖವೂ ಉಜ್ಜುವಿಕೆಯೂ ತುರಿಕೆಯನ್ನು ಹೆಚ್ಚಿಸಬಲ್ಲವು. ತಂಪಾದ ಒದ್ದೆ ಬಟ್ಟೆಯಿಂದ ಹಲವರಿಗೆ ಹಿತವೆನಿಸುತ್ತದೆ. ಹಿಸ್ಟಮೀನಿನ ಕಾರ್ಯವನ್ನು ತಡೆಯುವ ಮಾತ್ರೆಗಳನ್ನು ವೈದ್ಯರು ಕೊಡುತ್ತಾರೆ.

ಒಂದು ಅಪಾಯವನ್ನು ಮಾತ್ರ ಯಾರೂ ಮರೆಯಬಾರದು. ಗಾದರಿಯೊಡನೆ ನಾಲಗೆ ಅಥವಾ ಗಂಟಲು ಬಾತು ಉಸಿರಾಟಕ್ಕೆ ತೊಡಕಾದರೆ, ಮನೆಮದ್ದಿಗಾಗಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂಥ ಗಳಿಗೆಯಲ್ಲಿ ಅಡ್ರಿನಲಿನ್ ಚುಚ್ಚುಮದ್ದು ಪ್ರಾಣವನ್ನು ಉಳಿಸುತ್ತದೆ.