ಬೇಗೂರಿನ ಕಲ್ಲು, ಬಳಕೆ ತಪ್ಪಿದ ಎರಡು ಅಕ್ಷರ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್, ಇವೆಲ್ಲ ಕಳೆದ ಶತಮಾನದಲ್ಲಿ ಎದ್ದ ಬಡಾವಣೆಗಳು. ಆದರೆ ಇವುಗಳ ಮಗ್ಗುಲಲ್ಲೇ ಇರುವ ಹಳೆಯ ಊರುಗಳಿಗೆ ಸಾವಿರ ವರ್ಷ ಮೀರಿದ ಚರಿತ್ರೆಯಿದೆ. ಅದಕ್ಕೆ ಸಾಕ್ಷಿ ಬೇಕಿದ್ದರೆ ಬನ್ನೇರುಘಟ್ಟ ರಸ್ತೆ ಮತ್ತು ಹೊಸೂರು ರಸ್ತೆಗಳ ನಡುವಿನ ಬೇಗೂರಿಗೆ ಹೋಗಬೇಕು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಶಾಸನವೊಂದು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ಕಾಲ ಸುಮಾರು ಕ್ರಿ.ಶ. 890, ಗಂಗರ ಆಳ್ವಿಕೆಯ ದಿನಗಳು. ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆ ಕಟ್ಟುವುದಕ್ಕೆ ಆರು ಶತಮಾನ ಮೊದಲೇ ಬೆಂಗಳೂರೆಂಬ ಹೆಸರು ಕಲ್ಲಿಗೆ ಏರಿತ್ತು.

ಆ ಕಲ್ಲಿನ ಮುಂದೆ ನಿಂತು ಅಕ್ಷರ ಕೂಡಿಸಿ ಓದಲು ಹೊರಟರೆ ಇಂದಿನ ಕನ್ನಡಿಗರು ತಡವರಿಸುತ್ತಾರೆ. ಭಾಷೆ ನಮ್ಮದೇ, ಆದರೆ ಲಿಪಿಯ ಚಹರೆ ಬೇರೆ. ಅಶೋಕನ ಕಾಲದ ಬ್ರಾಹ್ಮಿಯಿಂದ ಹೊರಟು, ಕದಂಬ, ಗಂಗ, ಚಾಲುಕ್ಯ, ಹೊಯ್ಸಳರ ಕಾಲಗಳನ್ನು ಹಾದು, ಪ್ರತಿ ಹಂತದಲ್ಲೂ ಇನ್ನಷ್ಟು ದುಂಡಗಾಗುತ್ತ ಬಂದ ಲಿಪಿ ನಮ್ಮದು. ತೆಲುಗಿನ ಲಿಪಿಯೂ ಶತಮಾನಗಳ ಕಾಲ ಇದರೊಡನೆ ಒಂದಾಗಿಯೇ ನಡೆದು ಆಮೇಲೆ ಕವಲೊಡೆಯಿತು. ಹಳೆಯ ಶಾಸನಗಳಲ್ಲಿ ಎ–ಏ, ಒ–ಓಗಳ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಗುರುತಿಲ್ಲ. ಪದದ ಅರ್ಥ ಗೊತ್ತಿದ್ದವರೇ ಅದನ್ನು ನಿರ್ಧರಿಸಿ ಓದಬೇಕು.

ಲಿಪಿಯ ಆಕಾರವಷ್ಟೇ ಅಲ್ಲ, ಅಕ್ಷರಮಾಲೆಯೂ ಬದಲಾಯಿತು. ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ವ್ಯಂಜನಗಳಿದ್ದವು. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಚಿ, ಅಂಗುಳಕ್ಕೆ ಪೂರ್ತಿ ತಾಗಿಸದೆ ಹೊರಡಿಸುವ ಧ್ವನಿ ೞ. ರಕಾರಕ್ಕಿಂತ ಗಡುಸಾದದ್ದು ಱ. ಒಂದರಿಂದ ಹತ್ತರವರೆಗೆ ಎಣಿಸಿದರೆ ಎರಡೂ ಸಿಗುತ್ತವೆ: ಆಱು, ಏೞು. ಬಾಳೆ ಆಗ ಬಾೞೆ, ನೂರು ಆಗ ನೂಱು.

ಈ ಅಕ್ಷರಗಳಿಗೆ ಕೆಲಸವಿತ್ತು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಕರೆ’ ಎಂದರೆ ಕೂಗು, ‘ಕಱೆ’ ಎಂದರೆ ಹಾಲು ಹಿಂಡು. ಇಂದು ಎರಡೆರಡೂ ಒಂದೇ ಆಗಿ, ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತೇವೆ. ‘ಬೀಳು’ ಎಂಬ ಧಾತುವಿನ ಭೂತಕಾಲ ‘ಬಿದ್ದ’ ಏಕಾಯಿತು? ಬೀೞ್, ಬಿೞ್ದಂ, ಬಿರ್ದಂ, ಬಿದ್ದ ಎಂದು ಸಾಲಾಗಿ ಇಟ್ಟರೆ ಉತ್ತರ ಕಾಣುತ್ತದೆ. ‘ಏಳು’ ಎಂಬುದು ‘ಎದ್ದ’ ಆದದ್ದೂ ಹೀಗೆಯೇ. ೞಕಾರ ಒಂದು ಕಡೆ ಳಕಾರವಾಯಿತು, ಇನ್ನೊಂದು ಕಡೆ ರಕಾರವಾಗಿ ಮುಂದಿನ ಅಕ್ಷರದಲ್ಲಿ ಲೀನವಾಯಿತು. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ರಳ, ಕುಳ, ಕ್ಷಳ ಎಂದು ಭೇದ ಮಾಡಿ ೞಕಾರದ ಪದಗಳನ್ನು ವಿವರಿಸಿದ. ಅಷ್ಟರಲ್ಲಾಗಲೇ ಆ ಅಕ್ಷರ ಬಳಕೆಯಿಂದ ಜಾರುತ್ತಿತ್ತು. ಱ ಅದಕ್ಕಿಂತ ಬಹುಕಾಲ ಬಾಳಿತು. ಬಿಟಿಎಂ, ಮಡಿವಾಳಗಳಲ್ಲಿ ನಮ್ಮ ನೆರೆಯವರಾದ ತಮಿಳರು, ಮಲಯಾಳಿಗಳು ಇಂದಿಗೂ ಬಾಳೆಹಣ್ಣಿನ ಹೆಸರನ್ನು ಆ ಹಳೆಯ ೞ ಧ್ವನಿಯಲ್ಲೇ ಹೇಳುತ್ತಾರೆ. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಗಳ ಮೇಲೆ ಹದಿಮೂರನೆಯ ಶತಮಾನದ ತಮಿಳು ಶಾಸನಗಳೂ ಇವೆ.

ತಮ್ಮ ಹಳೆಯ ಲಿಪಿಗಳನ್ನು ಜನ ಹೇಗೆ ಪ್ರೀತಿಸಬಹುದು ಎಂಬುದಕ್ಕೆ ಜಾರ್ಜಿಯಾ ದೇಶ ಒಳ್ಳೆಯ ಮಾದರಿ. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದು, ಅವರ ಬೊಲ್ನಿಸಿ ಶಾಸನ 494ರದು. ಅವರ ಭಾಷೆಗೆ ಅಸೊಮ್ತಾವ್ರುಲಿ, ನುಸ್ಖುರಿ, ಮ್ಖೆದ್ರುಲಿ ಎಂದು ಮೂರು ಲಿಪಿಗಳು. ಮೊದಲೆರಡು ಚರ್ಚಿನಲ್ಲಿ ಉಳಿದಿವೆ, ಮೂರನೆಯದು ದಿನಬಳಕೆಯಲ್ಲಿದೆ. ಉಸಿರು ಬಿಟ್ಟು ನುಡಿಯುವ ಕಕಾರಕ್ಕೂ ಗಂಟಲು ಬಿಗಿಹಿಡಿದು ಸಿಡಿಸುವ ಕಕಾರಕ್ಕೂ ಅಲ್ಲಿ ಬೇರೆ ಬೇರೆ ಅಕ್ಷರ. ಹತ್ತೊಂಬತ್ತನೆಯ ಶತಮಾನದಲ್ಲಿ ಅವರೂ ಬಳಕೆ ತಪ್ಪಿದ ಐದು ಅಕ್ಷರಗಳನ್ನು ಕೈಬಿಟ್ಟು 33ನ್ನು ಉಳಿಸಿಕೊಂಡರು. ಆದರೆ ಮೂರೂ ಲಿಪಿಗಳನ್ನು ಜೀವಂತವಾಗಿಟ್ಟರು. 2016ರಲ್ಲಿ ಯುನೆಸ್ಕೊ ಈ ಪರಂಪರೆಯನ್ನು ತನ್ನ ಪಟ್ಟಿಗೆ ಸೇರಿಸಿತು.

ನಮ್ಮಲ್ಲೂ ಹಳೆಯ ಲಿಪಿಯನ್ನು ಕಾಪಾಡುವ ಕೆಲಸ ನಡೆದಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೇ ಸಂಪುಟ ಬೆಂಗಳೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಆ ಕಾಲದಿಂದಲೂ ವಿದ್ವಾಂಸರ ಆಧಾರ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಗಡುಸು ಬ್ರಷ್ಷಿನಿಂದ ತಟ್ಟುತ್ತಾರೆ. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದಾಗ ಕಾಗದದ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 2021ರಿಂದ ಬೆಂಗಳೂರಿನ ಶಾಸನಗಳ ತ್ರಿ–ಡಿ ಸ್ಕ್ಯಾನಿಂಗ್ ಮಾಡುತ್ತಿದೆ. ಸವೆದ ಕಲ್ಲಿನ ಮೇಲೆ ಪರದೆಯಲ್ಲೇ ಬೇಕಾದ ಕೋನದಿಂದ ಬೆಳಕು ಹಾಯಿಸಿದರೆ, ಬರಿಗಣ್ಣಿಗೆ ಕಾಣದ ಗೀಟುಗಳೂ ಗೋಚರಿಸುತ್ತವೆ.

ಕಲಿಯಬೇಕೆನ್ನುವವರಿಗೆ ದಾರಿ ದೂರವಿಲ್ಲ. ನರಸಿಂಹರಾಜ ಕಾಲೊನಿಯಲ್ಲಿ ಎಂ.ವಿ. ಸೀತಾರಾಮಯ್ಯನವರು 1979ರಲ್ಲಿ ಸ್ಥಾಪಿಸಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಹಸ್ತಪ್ರತಿಗಳನ್ನು ಕಾಪಾಡುತ್ತ, ಶಾಸನ ಮತ್ತು ಹಸ್ತಪ್ರತಿ ಅಧ್ಯಯನದ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ನಡೆಸಿದೆ. ಇವುಗಳಿಗೆ ಪಂಡಿತರೇ ಆಗಿರಬೇಕಿಲ್ಲ.

ಬೆಂಗಳೂರಿನ ಎಷ್ಟೋ ಶಾಸನಗಳು ರಸ್ತೆ, ಚರಂಡಿ, ತಳಪಾಯಗಳಡಿ ಹೂತುಹೋಗಿವೆ. ಉಳಿದವುಗಳಿಗೆ ಸುಣ್ಣವೋ ಪೇಂಟೋ ಬಳಿದರೆ ಅಕ್ಷರ ಮುಚ್ಚಿಹೋಗುತ್ತದೆ, ಕೆತ್ತಿ ತೆಗೆಯಲು ಹೋದರೆ ಅಳಿದೇಹೋಗುತ್ತದೆ. ನಿಮ್ಮ ಬೀದಿಯ ಗುಡಿಯ ಬಳಿ, ಕೆರೆಯ ಏರಿಯ ಮೇಲೆ, ಮನೆ ಕಟ್ಟಲು ಅಗೆದ ಗುಂಡಿಯಲ್ಲಿ ಅಕ್ಷರವಿರುವ ಕಲ್ಲು ಕಂಡರೆ ದಯವಿಟ್ಟು ಅದನ್ನು ಕದಲಿಸದೆ ಒಂದು ಫೋಟೊ ತೆಗೆದು, ಪುರಾತತ್ವ ಇಲಾಖೆಗೋ ಮಿಥಿಕ್ ಸೊಸೈಟಿಗೋ ತಿಳಿಸಿ.